ಮೇಕೆ ಕೊಟ್ಟರೆ ಮುಗಿಯಲಿಲ್ಲ: ಕಡೂರು ಸೀಮೆಯ ಕಡುಬಡ ಮನೆಗಳ ಜೊತೆ ಎರಡು ವರ್ಷದ ಕೆಲಸ

ಕಡೂರು ತಾಲ್ಲೂಕು ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದರೂ ಮಲೆನಾಡಲ್ಲ. ಬಾಬಾಬುಡನ್‌ಗಿರಿ ಸಾಲು ಮುಂಗಾರಿನ ಮೋಡವನ್ನು ಆಚೆ ಕಡೆಯೇ ಹಿಂಡಿಕೊಂಡುಬಿಡುತ್ತದೆ. ಯಗಟಿ, ಸಿಂಗಟಗೆರೆ, ಪಂಚನಹಳ್ಳಿ ಕಡೆಗೆ ಬರುವುದು ಅಳಿದುಳಿದ ಹನಿ. ರಾಗಿ, ತೆಂಗು, ಒಂದಿಷ್ಟು ಈರುಳ್ಳಿ. ಜಮೀನಿಲ್ಲದ ಮನೆಗಳಿಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಹಣ್ಣು ಬಿಡಿಸುವ ಕೆಲಸವೇ ಆಧಾರ. ನಸುಕಿನಲ್ಲಿ ಪಿಕಪ್ ಬರುತ್ತದೆ, ಹೆಂಗಸರು ಹತ್ತುತ್ತಾರೆ. ಕೆಲವರು ದಿನಾ ಹೋಗಿ ಬರುತ್ತಾರೆ, ಕೆಲವರು ಎಸ್ಟೇಟಿನ ಲೈನ್ ಮನೆಯಲ್ಲೇ ಉಳಿಯುತ್ತಾರೆ. ಏಪ್ರಿಲ್‌ನಿಂದ ಕೈ ಖಾಲಿ.

ಇಂಥ ಮನೆಗಳಿಗೆ ಖಾಸಗಿ ಟ್ರಸ್ಟೊಂದು ಏನು ಮಾಡಬಹುದು, ಯಾವುದಕ್ಕೆ ಎಷ್ಟು ಖರ್ಚು, ಎಲ್ಲಿ ಕೈ ಸುಡುತ್ತದೆ ಎನ್ನುವುದನ್ನು ನಾವು ಮಾಡುತ್ತಿರುವ ಕ್ರಮದಲ್ಲೇ ಬರೆಯುತ್ತಿದ್ದೇವೆ. ಸಣ್ಣ ಟ್ರಸ್ಟ್ ನಡೆಸುವವರಿಗೆ, ಎಸ್ಟೇಟ್ ಅಥವಾ ಕಂಪನಿಯ ಹಣವನ್ನು ಹಳ್ಳಿಗೆ ಹಾಕಬೇಕೆಂದಿರುವವರಿಗೆ ಇದು.

ಮೊದಲೇ ಒಂದು ಮಾತು. ಬಡತನಕ್ಕೆ ಸರ್ಕಾರ ಸುರಿಯುವ ಹಣದ ಮುಂದೆ ನಮ್ಮಂಥವರ ಹಣ ಸಾಸಿವೆ ಕಾಳು. ಅಕ್ಕಿ, ಪಿಂಚಣಿ, ಗೃಹಲಕ್ಷ್ಮಿ, ಮನೆ ಇವು ಯಾವುದರಲ್ಲೂ ಸರ್ಕಾರದ ಜೊತೆ ಪೈಪೋಟಿಗಿಳಿಯುವುದರಲ್ಲಿ ಅರ್ಥವಿಲ್ಲ. ಆದರೆ ಒಂದೇ ಮನೆಯ ಬಾಗಿಲಿಗೆ ವಾರಕ್ಕೊಮ್ಮೆ, ಎರಡು ವರ್ಷ ತಪ್ಪದೆ ಹೋಗಲು ಯಾವ ಇಲಾಖೆಗೂ ಆಳಿಲ್ಲ. ಆ ಕೆಲಸ ಖಾಸಗಿ ಸಂಸ್ಥೆಗೆ ಆಗುತ್ತದೆ.

ಈ ಪದ್ಧತಿ ನಮ್ಮ ತಲೆಯಿಂದ ಹುಟ್ಟಿದ್ದಲ್ಲ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗೆಂದೇ ಇದನ್ನು ಶುರುಮಾಡಿತು. ಸಾಕಲು ಒಂದು ಜೀವ, ಅದು ಆದಾಯ ತರುವವರೆಗೆ ಊಟಕ್ಕೆ ಸಣ್ಣ ಮೊತ್ತ, ತರಬೇತಿ, ಉಳಿತಾಯ, ಆರೋಗ್ಯ, ವಾರದ ಭೇಟಿ ಇಷ್ಟನ್ನೂ ಒಟ್ಟಿಗೆ, ಹದಿನೆಂಟರಿಂದ ಇಪ್ಪತ್ನಾಲ್ಕು ತಿಂಗಳು ಕೊಡುವುದು. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ಈ ಆರು ದೇಶಗಳಲ್ಲಿ ಪರೀಕ್ಷಿಸಿ ನೋಡಿದ ವರದಿ 2015ರಲ್ಲಿ ಬಂತು. ಬೆಂಬಲ ನಿಂತು ಒಂದು ವರ್ಷವಾದ ಮೇಲೂ ಬಹುತೇಕ ಕಡೆ ಲಾಭ ಉಳಿದಿತ್ತು. ಪಶ್ಚಿಮ ಬಂಗಾಳದಲ್ಲಿ ಬಂಧನ್ ಸಂಸ್ಥೆ ನಡೆಸಿದ ಕಡೆ ಹತ್ತು ವರ್ಷದ ಮೇಲೂ ಉಳಿದಿದ್ದು ಕಂಡಿತು.

ನಮಗೆ ಹೆಚ್ಚು ಕಲಿಸಿದ್ದು ಸೋತ ಕಡೆಗಳು. ಹೊಂಡುರಾಸ್‌ನಲ್ಲಿ ಹೊರಗಿನ ತಳಿಯ ಕೋಳಿ ಕೊಟ್ಟರು, ರೋಗ ಬಂದು ಸತ್ತವು, ಫಲವೂ ಅಲ್ಲೇ ಸೋರಿತು. ಅಂದಿನ ಆಂಧ್ರದ ಮೇದಕ್‌ನಲ್ಲಿ ಇದೇ ಕ್ರಮ ಮಾಡಿದಾಗ ಕೊನೆಗೆ ನಿಂತ ಲಾಭ ಕಾಣಲಿಲ್ಲ. ಅಲ್ಲಿ ಕೂಲಿ ಸಿಗುತ್ತಿತ್ತು. ಪಶು ಸಾಕಿದವರು ಕೂಲಿ ಬಿಟ್ಟರು, ಬಿಟ್ಟವರ ಒಟ್ಟು ಆದಾಯ ಏರಲಿಲ್ಲ, ಕೆಲವರು ಪಶು ಮಾರಿ ಸಾಲ ತೀರಿಸಿದರು. ಕಾಫಿ ಕೂಲಿ ಇರುವ ನಮ್ಮ ಸೀಮೆಗೆ ಇದು ನೇರವಾಗಿ ಅನ್ವಯಿಸುತ್ತದೆ. ಹಾಗಾಗಿ ಹಣ್ಣು ಬಿಡಿಸುವ ಐದು ತಿಂಗಳ ಕೂಲಿಯನ್ನು ತಪ್ಪಿಸುವ ಯಾವ ಕಸುಬನ್ನೂ ಇಲ್ಲಿ ಕೊಡಬಾರದು ಎನ್ನುವುದು ನಮ್ಮ ಮೊದಲ ಕಟ್ಟಳೆ.

ಯಾವ ಮನೆ ಎಂದು ಗೊತ್ತುಮಾಡುವುದು

ಬಿಪಿಎಲ್ ಕಾರ್ಡು ನೋಡಿ ಆರಿಸಲು ಬರುವುದಿಲ್ಲ. ಹತ್ತು ಮನೆಯಲ್ಲಿ ಏಳೆಂಟರಲ್ಲಿ ಅದು ಇರುತ್ತದೆ. ಪಂಚಾಯಿತಿ ಸದಸ್ಯರ ಪಟ್ಟಿ ಕೇಳಿದರೆ ಸದಸ್ಯರ ಕಡೆಯವರು ಬರುತ್ತಾರೆ. ನಾವು ಮಾಡುವುದು ನೆಲದ ನಕ್ಷೆ. ಅಂಗನವಾಡಿ ಮುಂದೆ, ಸಂಜೆ ಆರೂವರೆ ಮೇಲೆ, ಸಾಧ್ಯವಾದರೆ ಸೋಮವಾರ (ಬಸವನ ವಾರ, ಹೊಲ ಉಳುವುದಿಲ್ಲ, ಜನ ಸಿಗುತ್ತಾರೆ). ರಂಗೋಲಿ ಪುಡಿಯಲ್ಲಿ ಬೀದಿ ಎಳೆದು, ಮನೆಮನೆಯನ್ನೂ ಊರವರಿಂದಲೇ ಗುರುತು ಹಾಕಿಸಿ, ಪ್ರತಿ ಮನೆಗೆ ಒಂದು ಚೀಟಿ ಬರೆಯುವುದು. ಆಮೇಲೆ ಚೀಟಿಗಳನ್ನು ನಾಲ್ಕು ಗುಡ್ಡೆ ಮಾಡಿಸುವುದು, ಉಳ್ಳವರು ಮೊದಲ ಗುಡ್ಡೆ, ಕಡುಬಡವರು ನಾಲ್ಕನೆಯದು. ಯಾವ ಗುಡ್ಡೆಗೆ ಯಾರು ಎಂದು ಜಗಳವಾಗಬೇಕು. ಜಗಳವಾಗದೆ ಹತ್ತು ನಿಮಿಷಕ್ಕೆ ಮುಗಿದರೆ ಯಾರೋ ಒಬ್ಬರು ಹೇಳಿದ್ದನ್ನು ಉಳಿದವರು ಒಪ್ಪಿಕೊಂಡಿದ್ದಾರೆ ಎಂದೇ ಅರ್ಥ. ಅಂಥ ದಿನದ ನಕ್ಷೆಯನ್ನು ಕೈಬಿಟ್ಟು ಇನ್ನೊಂದು ದಿನ, ಹೆಂಗಸರನ್ನಷ್ಟೇ ಕೂರಿಸಿ ಮತ್ತೆ ಮಾಡುತ್ತೇವೆ.

ನಕ್ಷೆ ಎಳೆಯುವಾಗ ಊರ ಬಾಗಿಲಿನಿಂದ ಶುರುಮಾಡಬೇಡಿ. ಕಡೇ ಮನೆಯಿಂದ, ಕಾಲೋನಿಯಿಂದ, ಹಟ್ಟಿಯಿಂದ, ತಾಂಡಾದಿಂದ ಶುರುಮಾಡಿ. ದೇವಸ್ಥಾನದಿಂದ ಶುರುಮಾಡಿದರೆ ಕತ್ತಲಾಗುವ ಹೊತ್ತಿಗೆ ಊರು ಮುಗಿದಿರುತ್ತದೆ, ಹಟ್ಟಿ ಉಳಿದಿರುತ್ತದೆ, ಎಲ್ಲರಿಗೂ ಊಟದ ಹೊತ್ತಾಗಿರುತ್ತದೆ.

ನಾಲ್ಕನೇ ಗುಡ್ಡೆಯ ಮನೆಗಳಿಗೆ ಎರಡು ಸಲ ಹೋಗಿ ನೋಡುತ್ತೇವೆ, ಒಂದು ಸಲ ಹೇಳದೆ. ಕೇಳುವುದು: ಮನೆಯಲ್ಲಿ ಎಷ್ಟು ರಾಗಿ ಇದೆ, ಅಂಗಡಿ ಚೀಟಿಯಲ್ಲಿ ಬಾಕಿ ಎಷ್ಟು, ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡಿದ್ದಾರಾ, ಓಲೆ ಗಿರವಿ ಇದೆಯಾ, ನಿನ್ನೆ ರಾತ್ರಿ ಎಲ್ಲರೂ ಉಂಡರಾ. ಕೊನೆಯದನ್ನು "ಊಟ ಆಯ್ತಾ" ಎಂದು ಕೇಳಿದರೆ "ಆಯ್ತು" ಎಂದೇ ಉತ್ತರ ಬರುತ್ತದೆ; "ನಿನ್ನೆ ರಾತ್ರಿ ಏನು ಮಾಡಿದ್ರಿ ಅಕ್ಕ, ಸಾರು ಏನು" ಎಂದು ಕೇಳಬೇಕು. ದುಡಿಯುವ ಆಳೇ ಇಲ್ಲದ ಮನೆಗೆ, ಹಾಸಿಗೆ ಹಿಡಿದ ವೃದ್ಧರಷ್ಟೇ ಇರುವ ಮನೆಗೆ ಮೇಕೆ ಕೊಡುವುದಿಲ್ಲ. ಅವರಿಗೆ ಬೇಕಾದ್ದು ಪಿಂಚಣಿ. ಅದನ್ನು ಮಾಡಿಸಿಕೊಡುತ್ತೇವೆ, ಆದರೆ ಈ ಲೆಕ್ಕದಲ್ಲಿ ಸೇರಿಸುವುದಿಲ್ಲ.

ಒಬ್ಬ ಕಾರ್ಯಕರ್ತೆಗೆ 35 ಮನೆ. ದಿನಕ್ಕೆ ಏಳು, ವಾರಕ್ಕೆ ಐದು ದಿನ, ಶನಿವಾರ ಗುಂಪಿನ ಸಭೆ. ಇದನ್ನು 50ಕ್ಕೆ ಏರಿಸಿದರೆ ಭೇಟಿ ಹತ್ತು ನಿಮಿಷಕ್ಕಿಳಿಯುತ್ತದೆ; ಆಮೇಲೆ ಬಾಗಿಲಲ್ಲೇ ನಿಂತು ಸಹಿ ಹಾಕಿಸಿಕೊಂಡು ಹೋಗುವ ಅಭ್ಯಾಸ ಬರುತ್ತದೆ.

ಮೊದಲ ಎಂಟು ವಾರ ಬರೀ ಕಾಗದ

ದಾನಿಗಳಿಗೆ ಇದು ರುಚಿಸುವುದಿಲ್ಲ. ಫೋಟೋ ಬರುವಂಥದ್ದು ಏನೂ ಇರುವುದಿಲ್ಲ. ಆದರೆ ಲೆಕ್ಕ ನೋಡಿ: ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಎರಡು ವರ್ಷಕ್ಕೆ 48,000. ವಿಧವಾ ವೇತನ ತಿಂಗಳಿಗೆ 800, ಎರಡು ವರ್ಷಕ್ಕೆ 19,200. ಇವೆರಡೂ ತಪ್ಪಿಹೋಗಿದ್ದ ಮನೆಗೆ ಅವನ್ನು ಸರಿಮಾಡಿಸಿದರೆ 67,200. ನಾವು ಕೊಡುವ ಮೇಕೆಗಳ ಬೆಲೆ 36,000. ಯಾವುದು ದೊಡ್ಡದು?

ಎಲ್ಲಿ ಸಿಕ್ಕಿಕೊಂಡಿರುತ್ತದೆ ಎಂದರೆ ಹೆಚ್ಚಾಗಿ ಮೂರು ಕಡೆ. ಒಂದು, ರೇಷನ್ ಕಾರ್ಡಿನ ಯಜಮಾನಿ ಅತ್ತೆ, ಅತ್ತೆ ತೀರಿಕೊಂಡು ವರ್ಷಗಳಾಗಿವೆ, ಕಾರ್ಡು ತಿದ್ದಿಲ್ಲ. ಗೃಹಲಕ್ಷ್ಮಿ ಹೋಗುವುದು ಕಾರ್ಡಿನ ಯಜಮಾನಿಗೆ, ಹಾಗಾಗಿ ಸೊಸೆಗೆ ಬರುವುದಿಲ್ಲ. ತಿದ್ದುಪಡಿಗೆ ಇಲಾಖೆ ಸರ್ವರ್ ತೆರೆದುಬಿಟ್ಟ ದಿನ ಕೂಲಿ ಬಿಟ್ಟು ಹೋಗಿ ಸಾಲಿನಲ್ಲಿ ನಿಲ್ಲಲು ಆಕೆಗೆ ಆಗಿರುವುದಿಲ್ಲ. ನಮ್ಮ ಕಾರ್ಯಕರ್ತೆಯ ಚೀಲದಲ್ಲಿ ಎಲ್ಲ ಮನೆಯ ಕಾಗದದ ಜೆರಾಕ್ಸ್ ಸಿದ್ಧವಿರುತ್ತದೆ, ಸರ್ವರ್ ಬಿಟ್ಟ ಸುದ್ದಿ ಬಂದ ದಿನವೇ ಐದಾರು ಜನರನ್ನು ಒಟ್ಟಿಗೆ ಕರೆದುಕೊಂಡು ಹೋಗುತ್ತಾರೆ.

ಎರಡು, ಆಧಾರ್ ಜೋಡಣೆ. ಒಬ್ಬರ ಹೆಸರಲ್ಲಿ ಮೂರು ಖಾತೆ ಇದ್ದರೆ ಸರ್ಕಾರದ ಹಣ ಆಧಾರ್‌ಗೆ ಕೊನೆಯಲ್ಲಿ ಜೋಡಿಸಿದ ಖಾತೆಗೆ ಬೀಳುತ್ತದೆ. "ನಮಗೆ ಬಂದೇ ಇಲ್ಲ" ಎನ್ನುವ ಎಷ್ಟೋ ಮನೆಯಲ್ಲಿ ಹಣ ಬಂದಿರುತ್ತದೆ, ಪಾಸ್‌ಬುಕ್ ಕಳೆದುಹೋದ ಖಾತೆಯಲ್ಲಿ ಕೂತಿರುತ್ತದೆ. ಅರ್ಜಿ ಬರೆಯುವ ಮೊದಲು ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡಿ.

ಮೂರು, ಗಂಡನ ಮರಣ ಪತ್ರ. ಸತ್ತು ಒಂದು ವರ್ಷದೊಳಗೆ ನೋಂದಣಿಯಾಗದಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು; ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಮೊದಲ ವಾರವೇ ಈ ಮನೆಗಳನ್ನು ಬೇರೆ ಮಾಡಿಕೊಳ್ಳಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲದ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತು ಸಂಖ್ಯೆ) ಇರುವ ರಸೀದಿ ಪಡೆಯದೆ ಹಿಂದಿರುಗಬೇಡಿ. ಅದಿಲ್ಲದಿದ್ದರೆ ಮುಂದೆ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಕಾಗದ ಮಾಡಿಸಿದ್ದಕ್ಕೆ ಕಾರ್ಯಕರ್ತೆ ಹತ್ತು ರೂಪಾಯಿಯನ್ನೂ ಪಡೆಯಬಾರದು. ಜೆರಾಕ್ಸ್, ಬಸ್ ಖರ್ಚು ಟ್ರಸ್ಟಿನದು.

ಇದೇ ಎಂಟು ವಾರದಲ್ಲಿ ಸಾಲದ ಪಟ್ಟಿಯೂ ಆಗಬೇಕು. ಕೈಸಾಲ, ಅಂಗಡಿ, ಗಿರವಿ, ಸಂಘ, ಫೈನಾನ್ಸ್ ಎಲ್ಲ. ವಾರದ ಕಂತಿನ ಫೈನಾನ್ಸ್ ಎರಡಕ್ಕಿಂತ ಹೆಚ್ಚಿದ್ದ ಮನೆಗೆ ಮೇಕೆ ಕೊಟ್ಟರೆ ಅದು ಕಂತಿಗೇ ಹೋಗುತ್ತದೆ. ಮೇದಕ್‌ನ ಪಾಠ ಮತ್ತೆ. ಅಂಥ ಮನೆಯ ಜೊತೆ ಮೊದಲು ಕಂತಿನ ಮಾತು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಸಾಲ ಕೊಡುವಂತಿಲ್ಲ, ಬೆಳಿಗ್ಗೆ 9ಕ್ಕೆ ಮೊದಲು ಸಂಜೆ 6ರ ಮೇಲೆ ವಸೂಲಿಗೆ ಕರೆ ಮಾಡುವಂತಿಲ್ಲ, ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. 2025ರಲ್ಲಿ ಕರ್ನಾಟಕ ಸರ್ಕಾರವೂ ಬಲವಂತದ ವಸೂಲಿ ತಡೆಯಲು ಕಾನೂನು ತಂದಿತು. ಇವನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಮನೆಯಲ್ಲಿ ಅಂಟಿಸಿದ್ದೇವೆ. ಸಾಲ ಕಟ್ಟಬೇಡಿ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ. ಹಾಗೆ ಹೇಳಿದ ಸಂಸ್ಥೆಗಳ ಹಳ್ಳಿಗೆ ಆಮೇಲೆ ಬ್ಯಾಂಕೂ ಸಾಲ ಕೊಡುವುದಿಲ್ಲ. ಮೇಸ್ತ್ರಿಯ ಮುಂಗಡ ತೀರುವವರೆಗೆ ಬೇರೆ ಕಡೆ ದುಡಿಯಬಾರದು ಎಂಬ ಕಟ್ಟು ಕಂಡುಬಂದರೆ ಅದು ಸಾಲವಲ್ಲ, 1976ರ ಕಾಯ್ದೆಯ ಪ್ರಕಾರ ಜೀತ. ಅದನ್ನು ನಾವೇ ರಾಜಿ ಮಾಡಿಸಲು ಹೋಗದೆ ತಹಶೀಲ್ದಾರರಿಗೆ ಬರವಣಿಗೆಯಲ್ಲಿ ಕೊಡುತ್ತೇವೆ.

ಮೇಕೆ

ಹಸು ಏಕಿಲ್ಲ? ಮಿಶ್ರತಳಿ ಹಸುವೊಂದಕ್ಕೆ ದಿನಕ್ಕೆ ಐದಾರು ಕೊಡ ನೀರು ಬೇಕು, ಹೊತ್ತಿಗೆ ಸರಿಯಾಗಿ ಹಾಲು ಕರೆಯಬೇಕು. ಪಿಕಪ್ ಹತ್ತುವ ಹೆಂಗಸಿಗೆ ಅದು ಆಗದು. ಸತ್ತರೆ ಒಂದೇ ಏಟಿಗೆ ಎಲ್ಲವೂ ಹೋಯಿತು. ಕುರಿಗೆ ಹಿಂಡು ಬೇಕು, ಬಯಲು ಬೇಕು, ಅದು ಕುರುಬರ ವಿದ್ಯೆ. ನಾಲ್ಕು ಹೆಣ್ಣು ಮೇಕೆಯಾದರೆ ಒಂದು ಸತ್ತರೂ ಮೂರು ಉಳಿಯುತ್ತವೆ, ಕಷ್ಟಕ್ಕೆ ಒಂದನ್ನು ಮಾರಬಹುದು. ಬೇಗ ಮಾರಬಹುದಾದ್ದರಿಂದಲೇ ಬೇಗ ಖಾಲಿಯೂ ಆಗುತ್ತದೆ, ಅದನ್ನು ಮುಂದೆ ಹೇಳುತ್ತೇವೆ.

ತಳಿ ಊರಿನದೇ ಆಗಲಿ. ಹೊಸದುರ್ಗ, ಕಡೂರು ಬಯಲಿನ ನಾಟಿ ಮೇಕೆ ಬಿಸಿಲಿಗೂ ಮುಳ್ಳಿಗೂ ಪಳಗಿದ್ದು. ಉತ್ತರದ ದೊಡ್ಡ ತಳಿಗಳನ್ನು ದಾನಿಯೊಬ್ಬರ ಒತ್ತಾಯಕ್ಕೆ ತಂದ ಕಡೆ ಮೊದಲ ಮಳೆಗಾಲದಲ್ಲೇ ಕೆಮ್ಮು ಹಿಡಿದು ಹೋದವು.

ಸಂತೆಯಲ್ಲಿ ಒಂದೇ ದಿನ ನೂರು ಮೇಕೆ ಕೊಳ್ಳುವುದು ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ತಪ್ಪು. ಹತ್ತು ಊರಿನ ಪ್ರಾಣಿ ಒಂದೆಡೆ ಸೇರುವ ಜಾಗದಿಂದ ಹಿರೇಬೇನೆ, ಅಂದರೆ ಪಿಪಿಆರ್, ಮನೆಗೆ ಬರುತ್ತದೆ; ಎಂಟು ಹತ್ತು ದಿನದಲ್ಲಿ ಜ್ವರ, ಮೂಗು ಬಾಯಿ ಹುಣ್ಣು, ಭೇದಿ. ಕೊಟ್ಟವರ ಮೇಕೆ ಸಾಯುವುದಷ್ಟೇ ಅಲ್ಲ, ಊರಿನ ಹಳೆ ಮೇಕೆಗಳೂ ಸಾಯುತ್ತವೆ, ಆಮೇಲೆ ಆ ಊರಿಗೆ ಕಾಲಿಡಲು ಆಗುವುದಿಲ್ಲ. ನಾವು ಹದಿನೈದು ಇಪ್ಪತ್ತು ಕಿಲೋಮೀಟರ್ ಒಳಗಿನ ಸಾಕುವವರ ಮನೆಯಿಂದಲೇ, ನಾಲ್ಕೈದರಂತೆ ಕೊಳ್ಳುತ್ತೇವೆ. ಮುಂಗಡ ಕೊಟ್ಟು, ಮಾರುವವರ ಕೊಟ್ಟಿಗೆಯಲ್ಲೇ ಪಿಪಿಆರ್ ಲಸಿಕೆ ಹಾಕಿಸಿ, ಹದಿನೈದು ದಿನ ಬಿಟ್ಟು ಸಾಗಿಸುವುದು. ಬಂದ ಮೇಲೂ ಎರಡು ವಾರ ಊರಿನ ಹಿಂಡಿಗೆ ಸೇರಿಸುವುದಿಲ್ಲ.

ಕೊಳ್ಳುವಾಗ ನೋಡುವುದು: ಬಾಯಲ್ಲಿ ಹಾಲುಹಲ್ಲು ಬಿದ್ದು ಬಂದ ದೊಡ್ಡ ಹಲ್ಲು ಎರಡು ಅಥವಾ ನಾಲ್ಕು, ಅದಕ್ಕಿಂತ ಹೆಚ್ಚಿನದು ಬೇಡ. ಕಣ್ಣಿನ ಕೆಳರೆಪ್ಪೆ ಎಳೆದರೆ ಕೆಂಪಗಿರಬೇಕು. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳ. ಬಾಲದ ಕೆಳಗೆ ಹಿಕ್ಕೆ ಮೆತ್ತಿರಬಾರದು. ಎರಡೂ ಮೊಲೆ ಸಮನಾಗಿ, ಗಂಟಿಲ್ಲದೆ ಇರಬೇಕು. ತುಂಬು ಗಬ್ಬದ್ದು ಅಗ್ಗಕ್ಕೆ ಸಿಕ್ಕಿದರೂ ಬೇಡ, ಆಟೋದಲ್ಲಿ ಕುಲುಕಿ ಗಬ್ಬ ಕಳೆದುಕೊಳ್ಳುತ್ತದೆ. ಫಲಾನುಭವಿ ಹೆಂಗಸನ್ನು ಕೊಳ್ಳುವ ಜಾಗಕ್ಕೆ ಕರೆದುಕೊಂಡು ಹೋಗಲೇಬೇಕು. ಆಕೆಯೇ ಆರಿಸಿ, ಆಕೆಯ ಕೈಯಿಂದಲೇ ಹಣ ಹೋಗಬೇಕು. "ಟ್ರಸ್ಟ್‌ನೋರು ಕೊಟ್ಟ ಮೇಕೆ" ಎನ್ನುವುದಕ್ಕೂ "ನಾನು ತಂದ ಮೇಕೆ" ಎನ್ನುವುದಕ್ಕೂ ಆರೈಕೆಯಲ್ಲಿ ಕಾಣುವಷ್ಟು ವ್ಯತ್ಯಾಸವಿದೆ.

ಕೊಡುವ ಕಾಲ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್. ಜಡಿಮಳೆ ಕಳೆದಿರುತ್ತದೆ, ಹಸಿರು ಇರುತ್ತದೆ, ಹಣ್ಣು ಬಿಡಿಸುವುದು ಶುರುವಾಗಲು ಎರಡು ತಿಂಗಳಿರುತ್ತದೆ. ಜೂನ್‌ನಲ್ಲಿ ಕೊಟ್ಟರೆ ಮರಿಗಳು ಥಂಡಿಗೆ ಸಾಯುತ್ತವೆ. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕೆಂದು ಕಡು ಬೇಸಿಗೆಯಲ್ಲಿ ಹಂಚುವವರನ್ನೂ ನೋಡಿದ್ದೇವೆ. ಮೇವಿಲ್ಲದ ಕಾಲಕ್ಕೆ ಹೊಸ ಬಾಯಿ ಬಂದಂತೆ.

ಕೊಟ್ಟಿಗೆ ಎಂಟು ಅಡಿ ಹತ್ತು ಅಡಿ ಸಾಕು. ನೆಲದಿಂದ ಮೂರು ಅಡಿ ಎತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟ, ದಬ್ಬೆಗಳ ನಡುವೆ ಒಂದೂವರೆ ಸೆಂಟಿಮೀಟರ್ ಸಂದು. ಅದಕ್ಕಿಂತ ಅಗಲವಾದರೆ ಮರಿಯ ಕಾಲು ಸಿಕ್ಕಿ ಮುರಿಯುತ್ತದೆ, ಕಿರಿದಾದರೆ ಹಿಕ್ಕೆ ಕೆಳಗೆ ಬೀಳದೆ ಒದ್ದೆ ನಿಲ್ಲುತ್ತದೆ. ಮೇಲೆ ಶೀಟು, ಅದರ ಮೇಲೆ ತೆಂಗಿನ ಗರಿ. ಪಡುವಣ ಗಾಳಿ ಬರುವ ಕಡೆ ಮಾತ್ರ ಗೋಣಿಚೀಲ ಕಟ್ಟಿ ಮುಚ್ಚುವುದು. ನಾಲ್ಕೂ ಕಡೆ ಮುಚ್ಚಿದರೆ ಮೂತ್ರದ ಘಾಟಿಗೆ ಕೆಮ್ಮು ಬರುತ್ತದೆ. 9,000 ರೂಪಾಯಿಯಲ್ಲಿ ಆಗುತ್ತದೆ, ಗಂಡಾಳಿನ ಕೆಲಸ ಮನೆಯವರದೇ ಆದರೆ.

ಮೇವು: ಮೇಕೆಯೊಂದಕ್ಕೆ ದಿನಕ್ಕೆ ಮೂರರಿಂದ ನಾಲ್ಕು ಕೆಜಿ ಸೊಪ್ಪು. ಮೇಯಲು ಬಿಟ್ಟರೂ ಫೆಬ್ರವರಿಯಿಂದ ಮೇ ತನಕ ಕೈಯಿಂದ ಹಾಕಲೇಬೇಕು. ಮೇಕೆ ಬರುವ ವರ್ಷದ ಜೂನ್‌ನಲ್ಲೇ ಬೇಲಿ ಸಾಲಿಗೆ ಅರವತ್ತು ಗ್ಲಿರಿಸಿಡಿಯಾ ಕಡ್ಡಿ, ಮೂರಡಿ ಉದ್ದದ್ದು, ನೆಡಿಸುತ್ತೇವೆ. ಜೊತೆಗೆ ಅಗಸೆ ಮರದ ಬೀಜ. ಸುಬಾಬುಲ್ ಇದ್ದರೆ ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರದಿರಲಿ, ಕೂದಲು ಉದುರುತ್ತದೆ. ಬಾಡಿದ ಎಳೆ ಜೋಳದ ಬೆಳೆಗೆ ಬಿಡಬಾರದು, ವಿಷ. ಎಲ್ಲಕ್ಕಿಂತ ಹೆಚ್ಚು ಮೇಕೆ ಸಾಯುವುದು ನೋಡಿ ಪ್ರೀತಿಯಿಂದ: ಮದುವೆ ಮನೆಯಲ್ಲಿ ಉಳಿದ ಅನ್ನ, ಹಬ್ಬದ ಹೋಳಿಗೆ, ರೇಷನ್ ಅಕ್ಕಿ ಒಂದು ಸೇರು ಸುರಿದರೆ ಹೊಟ್ಟೆ ಹುಳಿತು ಉಬ್ಬಿ ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ. ಕಾರ್ಯಕರ್ತೆ ಪ್ರತಿ ಹಬ್ಬದ ಹಿಂದಿನ ವಾರ ಇದೊಂದೇ ಮಾತು ಹೇಳಬೇಕು.

ಔಷಧಿ ಪಟ್ಟಿ ಚಿಕ್ಕದು. ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಕರುಳುಬೇನೆ ಲಸಿಕೆ, ವರ್ಷವರ್ಷವೂ. ಮುಂಗಾರಿನ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಜಂತುಹುಳದ ಔಷಧಿ. ಆಲ್ಬೆಂಡಜೋಲ್ ಆದರೆ ಗಬ್ಬದ ಮೊದಲ ತಿಂಗಳಲ್ಲಿ ಕೊಡಬಾರದು. ಮೇಕೆಗೆ ಕುರಿಯ ಅಳತೆ ಸಾಲುವುದಿಲ್ಲ, ಡಾಕ್ಟರನ್ನು ಕೇಳಿ ತೂಕಕ್ಕೆ ತಕ್ಕ ಅಳತೆ ಬರೆಸಿಕೊಳ್ಳಿ. ಊರಲ್ಲಿ ಸಂಜೀವಿನಿಯ (ಸರ್ಕಾರದ ಮಹಿಳಾ ಸ್ವಸಹಾಯ ಸಂಘಗಳ ಯೋಜನೆ) ಪಶು ಸಖಿ, ಅಂದರೆ ಪಶು ಆರೈಕೆಗೆ ತರಬೇತಾದ ಊರಿನ ಹೆಂಗಸು, ಇದ್ದರೆ ಅವರಿಗೇ ಈ ಕೆಲಸ ವಹಿಸಿ, ನಾವು ಹೊರಟ ಮೇಲೂ ಅವರು ಅಲ್ಲೇ ಇರುತ್ತಾರೆ. ತುರ್ತಿಗೆ ಪಶುವೈದ್ಯ ಸಹಾಯವಾಣಿ 1962. ಸತ್ತರೆ ಹೂಳುವ ಮುಂಚೆ ಮರಣೋತ್ತರ ಪರೀಕ್ಷೆ ಮತ್ತು ಮೇಕೆಯ ಕಿವಿಯೋಲೆ (ನಂಬರಿನ ಬಿಲ್ಲೆ) ಕಾಣುವ ಫೋಟೋ. ಇವೆರಡಿಲ್ಲದೆ ವಿಮೆಯೂ ಇಲ್ಲ, ಸತ್ತ ಕುರಿ ಮೇಕೆಗೆ ಸರ್ಕಾರ ಕೊಡುವ ಅನುಗ್ರಹ ಯೋಜನೆಯ ಪರಿಹಾರವೂ ಇಲ್ಲ. ಭಾನುವಾರ ಸತ್ತ ಮೇಕೆಗೆ ಪರಿಹಾರ ಬರುವುದು ಅಪರೂಪ.

ಹಣ್ಣು ಬಿಡಿಸುವ ಕಾಲಕ್ಕೆ ಮೇಕೆ ನೋಡುವವರು ಯಾರು ಎನ್ನುವುದನ್ನು ಮೇಕೆ ಬರುವ ಮೊದಲೇ ತೀರ್ಮಾನಿಸಬೇಕು. ಐದು ಮನೆಯ ಇಪ್ಪತ್ತು ಮೇಕೆಗೆ ಕೆಲಸಕ್ಕೆ ಹೋಗದ ಒಬ್ಬರು, ವಾರಕ್ಕೆ ಮೇಕೆಗೆ ಇಷ್ಟು ಎಂದು ಅವರವರೇ ಮಾತಾಡಿಕೊಂಡ ಕೂಲಿ. ಒಂದು ಹೋತವೂ ಆ ಇಪ್ಪತ್ತಕ್ಕೇ. ಕಾಯುವವರು ಮಕ್ಕಳಾಗಬಾರದು, ಶಾಲೆ ಬಿಟ್ಟ ಹುಡುಗ ಕಂಡರೆ ಕಾರ್ಯಕರ್ತೆ ಅವತ್ತೇ ಬರೆಯಬೇಕು. ತೆಂಗಿನ ಸಸಿ, ರಾಗಿ ಪೈರು ಮೇಯ್ದು ಜಗಳವಾಗುವುದು ಮೊದಲ ಮೂರು ತಿಂಗಳಲ್ಲೇ, ಅದೂ ಹೆಚ್ಚಾಗಿ ಜಮೀನಿರುವವರು ಮತ್ತು ಕಾಲೋನಿಯವರ ನಡುವೆ. ನಷ್ಟ ಕಟ್ಟಿಕೊಡಲು ಗುಂಪಿನ ಪೆಟ್ಟಿಗೆಯಲ್ಲಿ 2,000 ಬೇರೆ ಇಡಿಸುತ್ತೇವೆ. ಅವತ್ತೇ ಕಟ್ಟಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ.

ಮಾರುವ ಲೆಕ್ಕ: ಗಬ್ಬ ಐದು ತಿಂಗಳು. ಗಂಡು ಮರಿಯನ್ನು ಎಂಟು ಹತ್ತು ತಿಂಗಳಿಗೆ, ಯುಗಾದಿಯ ಹೊಸತೊಡಕು, ಬಕ್ರೀದ್, ಊರ ಮಾರಿಹಬ್ಬ ಅಥವಾ ಪಿತೃಪಕ್ಷ ನೋಡಿ ಮಾರಬೇಕು. ಶ್ರಾವಣದಲ್ಲಿ, ಕಾರ್ತಿಕದಲ್ಲಿ ಮಾರಿದರೆ ವ್ಯಾಪಾರಿ ಹೇಳಿದ್ದೇ ಬೆಲೆ. ಹೆಣ್ಣು ಮರಿ ಮೊದಲ ವರ್ಷ ಮಾರುವಂತಿಲ್ಲ. ಕೈಯಿಂದ ಎತ್ತಿ ನೋಡಿ ಬೆಲೆ ಕಟ್ಟುವುದಕ್ಕಿಂತ ತೂಕದಲ್ಲಿ ಮಾರುವುದು ಲೇಸು. ಗುಂಪಿಗೊಂದು ನೇತಾಡುವ ತಕ್ಕಡಿ ಕೊಡಿಸಿ.

ಗಂಡ ಮೇಕೆ ಮಾರಿ ಕುಡಿಯುವುದು, ಅಣ್ಣತಮ್ಮಂದಿರು ಕೇಳುವುದು, ಮೈದುನನ ಮದುವೆಗೆ ಕೊಯ್ಯುವುದು ಎಲ್ಲವೂ ಆಗುತ್ತದೆ. ಕರಾರು ಪತ್ರಕ್ಕೆ ಸಹಿ ಹಾಕಿಸಿದರೆ ತಡೆಯುವುದಿಲ್ಲ. ನಮ್ಮ ಕಡೆ ಹಳೆಯ ಪದ್ಧತಿ "ಪಾಲಿಗೆ ಸಾಕೋದು" ಇದೆಯಲ್ಲ, ಅದನ್ನೇ ಗುಂಪಿಗೆ ತಂದೆವು: ಪ್ರತಿ ಮನೆಯೂ ಎರಡು ವರ್ಷದೊಳಗೆ ಒಂದು ಹೆಣ್ಣು ಮರಿಯನ್ನು ಗುಂಪು ಹೇಳಿದ ಮುಂದಿನ ಮನೆಗೆ ಕೊಡಬೇಕು. ಆ ಮರಿಗಾಗಿ ಕಾಯುವ ಇನ್ನೊಬ್ಬ ಹೆಂಗಸು ಇದ್ದರೆ ಆಕೆಯೇ ಕಾವಲು. ಗಂಡ ಹಗ್ಗ ಬಿಚ್ಚಿದ ಸುದ್ದಿ ನಮಗಿಂತ ಮೊದಲು ಆಕೆಗೆ ತಿಳಿದಿರುತ್ತದೆ.

ವಾರದ ಭೇಟಿ

ಪುಸ್ತಕ ಮನೆಯಲ್ಲೇ, ಪ್ಲಾಸ್ಟಿಕ್ ಕವರಿನಲ್ಲಿ ಮೊಳೆಗೆ ತೂಗುಹಾಕಿರಬೇಕು. ಫೋನಿನಲ್ಲಷ್ಟೇ ತುಂಬಿಸಿದರೆ ಮನೆಯವರಿಗೆ ಅದು ತಮ್ಮದೆನ್ನಿಸುವುದಿಲ್ಲ. ಮೊದಲು ಕೊಟ್ಟಿಗೆಗೆ ಹೋಗಿ ಎಣಿಸಿ ಕಣ್ಣುರೆಪ್ಪೆ ನೋಡುವುದು, ಆಮೇಲೆ ನಿನ್ನೆಯ ಅಡುಗೆ, ಉಳಿತಾಯ, ಕಾಗದ ಎಲ್ಲಿಗೆ ಬಂತು, ಕೊನೆಗೆ ಆ ವಾರದ ಒಂದೇ ಒಂದು ವಿಷಯ. ಅರ್ಧ ಗಂಟೆ. ವಾರಕ್ಕೆ 300 ರೂಪಾಯಿ ಊಟದ ಮೊತ್ತ ಖಾತೆಗೆ, ಮೇಕೆ ಬರುವ ಎರಡು ವಾರ ಮುಂಚಿನಿಂದ ನಲವತ್ತು ವಾರ. ಇದನ್ನು ಒಂದೇ ಕಂತಿನಲ್ಲಿ 12,000 ಕೊಟ್ಟರೆ ಸಾಲಗಾರರು ಅದೇ ವಾರ ಬರುತ್ತಾರೆ. ಉಳಿತಾಯ ವಾರಕ್ಕೆ 20ರಿಂದ 50. ಸಂಜೀವಿನಿ ಸಂಘಕ್ಕೆ ಮೊದಲ ದಿನವೇ ಸೇರಿಸಲು ಹೋಗಬೇಡಿ, ಸಂಘದವರೇ ಒಪ್ಪುವುದಿಲ್ಲ. ಒಂದು ವರ್ಷ ತಪ್ಪದೆ ಕಟ್ಟಿದ ಪುಸ್ತಕ ತೋರಿಸಿದರೆ ಒಪ್ಪುತ್ತಾರೆ.

ಕಾರ್ಯಕರ್ತೆ ಹೋಗದೆ ಬರೆಯುವುದೂ ಉಂಟು. ಹಿಡಿಯುವುದು ಸುಲಭ: ನಾಲ್ಕು ವಾರದ ಬರಹ ಒಂದೇ ಪೆನ್ನು, ಒಂದೇ ಒತ್ತು; ಸಂಖ್ಯೆಗಳು ಬದಲಾಗಿರುವುದಿಲ್ಲ; ಮರಿ ಹುಟ್ಟಿದ ವಾರ ಪುಸ್ತಕದಲ್ಲಿ ಮರಿ ಇರುವುದಿಲ್ಲ. ಮೇಲ್ವಿಚಾರಕರು ತಿಂಗಳಿಗೆ ಏಳು ಮನೆಗೆ ಹೇಳದೆ ಹೋಗಿ, ಮೊದಲು ಮೇಕೆ ಎಣಿಸಿ ಆಮೇಲೆ ಪುಸ್ತಕ ತೆರೆಯಬೇಕು. ಆದರೆ ಇದಕ್ಕೆ ಮೂಲ ಕಾರಣ ಬಹುಪಾಲು ಸೋಮಾರಿತನವಲ್ಲ, ಪೆಟ್ರೋಲು. ಸಂಬಳದಲ್ಲೇ ಪೆಟ್ರೋಲ್ ಸೇರಿದೆ ಎಂದಿಟ್ಟರೆ ದೂರದ ಹಟ್ಟಿ ತಪ್ಪುತ್ತದೆ.

ಹಣದ ಲೆಕ್ಕ

ಒಂದು ಮನೆಗೆ: ಮೇಕೆ ನಾಲ್ಕು 36,000. ಕೊಟ್ಟಿಗೆ 9,000. ಊಟದ ಮೊತ್ತ 12,000. ಔಷಧಿ, ಲಸಿಕೆ, ವಿಮೆ, ಗ್ಲಿರಿಸಿಡಿಯಾ ಸೇರಿ 4,000. ಕಾರ್ಯಕರ್ತೆಯ ಸಂಬಳ ತಿಂಗಳಿಗೆ 18,000, ಪೆಟ್ರೋಲ್ 3,000. ಇಪ್ಪತ್ನಾಲ್ಕು ತಿಂಗಳಿಗೆ 5,04,000, ಅದನ್ನು 35 ಮನೆಗೆ ಹಂಚಿದರೆ 14,400. ಮೇಲ್ವಿಚಾರಣೆ, ಆಡಿಟ್ 5,600. ಒಟ್ಟು 81,000. ಮೂವತ್ತೈದು ಮನೆಗೆ 28,35,000. ಮೇಕೆಯ ಬೆಲೆ ಇದರಲ್ಲಿ ಅರ್ಧಕ್ಕಿಂತ ಕಡಿಮೆ.

ದಾನಿಗಳು ಬರುವುದು ಇಲ್ಲೇ. "ಮೇಕೆಗೆ ಕೊಡ್ತೀವಿ, ಸಂಬಳಕ್ಕೆ ಕೊಡಲ್ಲ." ಕಂಪನಿಯ ಸಿಎಸ್‌ಆರ್ (ಸಮಾಜಕ್ಕೆಂದು ಖರ್ಚುಮಾಡುವ ಹಣದ) ವಿಭಾಗದವರು ಐದು ಶೇಕಡಾ ಮಿತಿ ತೋರಿಸುತ್ತಾರೆ. ಆ ಮಿತಿ ಇರುವುದು ಕಂಪನಿಯ ಸಾಮಾನ್ಯ ಆಡಳಿತ ವೆಚ್ಚಕ್ಕೆ. ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ನಡೆಸಲು, ಉಸ್ತುವಾರಿಗೆ ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು 2021ರ ತಿದ್ದುಪಡಿಯ ನಿಯಮದಲ್ಲೇ ಇದೆ. ಆದ್ದರಿಂದ ಬಜೆಟ್ಟಿನಲ್ಲಿ "ಸಿಬ್ಬಂದಿ ವೆಚ್ಚ" ಎಂದು ಪ್ರತ್ಯೇಕ ತಲೆಬರಹ ಹಾಕಬೇಡಿ. "35 ಮನೆಗೆ 104 ವಾರ ಭೇಟಿ" ಎಂದು ಚಟುವಟಿಕೆಯಾಗಿ ಬರೆಯಿರಿ. ಅದು ಸತ್ಯವೂ ಹೌದು.

ಎರಡನೆಯ ತೊಡಕು ಒಂದು ವರ್ಷದ ಅನುದಾನ. ಎರಡನೇ ವರ್ಷ ಹಣ ಬರದಿದ್ದರೆ ಮೇಕೆ ಉಳಿಯುತ್ತದೆ, ಭೇಟಿ ನಿಲ್ಲುತ್ತದೆ, ಅದು ಶುರುಮಾಡದೇ ಇದ್ದದ್ದಕ್ಕಿಂತ ಕೆಟ್ಟದು. 2013ರ ಕಂಪನಿ ಕಾಯ್ದೆಯ 135ನೇ ವಿಧಿಯಲ್ಲಿ "ಮುಂದುವರಿಯುವ ಯೋಜನೆ" ಎಂದು ಶುರುವಾದ ವರ್ಷ ಬಿಟ್ಟು ಇನ್ನು ಮೂರು ಹಣಕಾಸು ವರ್ಷದವರೆಗೆ ಹಣ ಕಟ್ಟಿಡಲು ಅವಕಾಶವಿದೆ. ಕಂಪನಿಯ ಮಂಡಳಿ ಮೊದಲೇ ಹಾಗೆ ನಿರ್ಣಯಿಸಬೇಕು. ಆಮೇಲೆ ಕೇಳಿದರೆ ಆಗದು. ನಿಮ್ಮ ಕಡೆಯಿಂದ ಆದಾಯ ತೆರಿಗೆ ಇಲಾಖೆಯ 12ಎ, 80ಜಿ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ, ಜೊತೆಗೆ ಇಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. ಹೊಸ ಟ್ರಸ್ಟಿಗೆ ಕಂಪನಿ ಹಣ ಸಿಗದು ಎಂದರೆ ಇದೇ ಕಾರಣ. ಮೊದಲ ಮೂರು ವರ್ಷ ಊರ ಕಡೆಯ ದಾನಿಗಳನ್ನೇ ನೆಚ್ಚಬೇಕು. ಅವರಿಂದ 2,000ಕ್ಕಿಂತ ಹೆಚ್ಚು ನಗದು ಪಡೆದರೆ ಅವರಿಗೆ 80ಜಿ ರಿಯಾಯಿತಿ ಸಿಗುವುದಿಲ್ಲ, ಚೆಕ್ ಅಥವಾ ಖಾತೆಗೆ ವರ್ಗಾವಣೆ ಕೇಳಿ. ಹತ್ತು ಮನೆಯಿಂದ ಶುರುಮಾಡುವುದಾದರೂ ಅಡ್ಡಿಯಿಲ್ಲ, ಆಗ ಭೇಟಿಯ ಖರ್ಚು ಮನೆಗೆ ಹೆಚ್ಚು ಬೀಳುತ್ತದೆ ಎಂದು ಮುಂಚೆಯೇ ಹೇಳಿಬಿಡಿ.

ದಾನಿಯ ಹೆಸರಿನ ಬೋರ್ಡನ್ನು ಕೊಟ್ಟಿಗೆಗೆ ಹೊಡೆಯಬಾರದು ಎಂದು ಒಪ್ಪಂದದಲ್ಲೇ ಬರೆಸುತ್ತೇವೆ. ಬೇಕಾದರೆ ನಮ್ಮ ಕಚೇರಿ ಗೋಡೆಗೆ ಹೊಡೆಯಲಿ.

ಬಿಟ್ಟು ಬರುವುದು

ಇಪ್ಪತ್ನಾಲ್ಕನೇ ತಿಂಗಳಿಗೆ ಆರು ವಿಷಯ ನೋಡುತ್ತೇವೆ: ದೊಡ್ಡ ಹೆಣ್ಣು ಮೇಕೆ ನಾಲ್ಕು ಅಥವಾ ಅದಕ್ಕೆ ಸಮನಾದ ಆಸ್ತಿ, ಕೂಲಿಯಲ್ಲದೆ ಇನ್ನೊಂದು ಆದಾಯ, ಉಳಿತಾಯದಲ್ಲಿ 2,000, ಕಳೆದ ತಿಂಗಳು ಯಾರೂ ಊಟ ಬಿಟ್ಟಿಲ್ಲ, ಮಕ್ಕಳು ಶಾಲೆಯಲ್ಲಿ, ಬರಬೇಕಾದ ಸರ್ಕಾರಿ ಹಣ ಬರುತ್ತಿದೆ. ಐದು ಸರಿಯಿದ್ದರೆ ಭೇಟಿ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ, ಆಮೇಲೆ ನಿಲ್ಲುತ್ತದೆ. ಇಲ್ಲದ ಮನೆಗೆ ಇನ್ನೊಂದು ಸುತ್ತು ಮೇಕೆ ಕೊಡುವುದಿಲ್ಲ. ಯಾವುದು ತಪ್ಪಿತು ನೋಡುತ್ತೇವೆ. ಹೆಚ್ಚಿನ ಸಲ ಅದು ಮನೆಯವರೊಬ್ಬರ ಕಾಯಿಲೆ ಅಥವಾ ಬಸಿರು. ಅಲ್ಲಿ ಬೇಕಾಗಿದ್ದು ಆಸ್ಪತ್ರೆಯ ಕಾಗದ.

ಮೂವತ್ತಾರನೇ ತಿಂಗಳು ಒಮ್ಮೆ ಹೋಗಬೇಕು, ದಾನಿಯನ್ನು ಕರೆದುಕೊಳ್ಳದೆ. ಆಗ ಕೊಟ್ಟಿಗೆ ಖಾಲಿಯಿದ್ದರೆ "ಸೋತಿತು" ಎಂದು ತಕ್ಷಣ ಬರೆಯಬೇಡಿ. ಮಾರಿದ ಹಣ ಎಲ್ಲಿ ಹೋಯಿತು ಎಂದು ಕೇಳಿ. ಓಲೆ ಬಿಡಿಸಿಕೊಂಡಿದ್ದರೆ, ಹಸು ಕೊಂಡಿದ್ದರೆ, ಮಗಳನ್ನು ಬೀರೂರಿನಲ್ಲಿ ಕಾಲೇಜಿಗೆ ಸೇರಿಸಿದ್ದರೆ ಅದನ್ನು ಪುಸ್ತಕದಲ್ಲಿ ಬರೆಯಿರಿ. ಅಂಗಡಿ ಬಾಕಿಗೆ ಹೋಗಿದ್ದರೆ ಅದನ್ನೂ, ಯಾವ ತಿಂಗಳಲ್ಲಿ ಹೋಯಿತು ಎಂಬುದರ ಸಮೇತ. ನಮ್ಮ ಪುಸ್ತಕಗಳಲ್ಲಿ ಆ ತಿಂಗಳು ಹೆಚ್ಚಾಗಿ ಜುಲೈ. ಹಾಗಾಗಿ ಈಗ ಊಟದ ಮೊತ್ತದಲ್ಲಿ ಎಂಟು ವಾರದ್ದನ್ನು ಹಿಡಿದಿಟ್ಟು ಎರಡನೇ ವರ್ಷದ ಜೂನ್ ಜುಲೈಗೆ ಕೊಡುತ್ತಿದ್ದೇವೆ.